ಅರಳದ ಜೋಳ, ನಂಬರಿಲ್ಲದ ಕನ್ನಡಕ

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ನಾನೇನೂ ಎಲ್ಲಿಗೂ ಹೊರಟವಳಲ್ಲ. ಪಂಚಮಿ ಹಬ್ಬಕ್ಕೆ ಬರುತ್ತಿರುವ ನಾದಿನಿ ಗಿರಿಜಾಳನ್ನು ಕರೆದೊಯ್ಯಲು ಬಂದವಳು. ಬಸ್ಸು ಬರುವ ಲಕ್ಷಣವಿರಲಿಲ್ಲ, ಬಂದದ್ದು ವಾಸನೆ. ಬೆಣ್ಣೆ, ಮಸಾಲೆ, ಹಬೆಯಲ್ಲಿ ಬೆಂದ ಜೋಳ. ತಿರುಗಿ ನೋಡಿದರೆ ಒಂದು ಗಾಡಿ, ಗಾಡಿಯ ಮೇಲೆ ಸ್ಟೀಲಿನ ಡಬ್ಬಿ, ಡಬ್ಬಿಯ ಹಿಂದೆ ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡ ಒಬ್ಬಳು ಹುಡುಗಿ.

"ಹೆಂಗವಾ?" ಅಂದೆ.

ಅವಳು ರೇಟು ಹೇಳಿದಳು. ನಾನು ಡಬ್ಬಿಯ ಕಡೆ ನೋಡಲಿಲ್ಲ, ಬಸ್ಸು ಬರುವ ದಾರಿ ನೋಡಿದೆ. ಇದನ್ನು ನೀವೂ ಕಲಿತುಕೊಳ್ಳಿ: ಕೊಳ್ಳಬೇಕೆಂದಿರುವ ವಸ್ತುವನ್ನು ಎಂದೂ ನೆಟ್ಟ ನೋಟದಲ್ಲಿ ನೋಡಬಾರದು. ಅರ್ಧ ನಿಮಿಷದಲ್ಲಿ ಅವಳೇ ರೇಟಿನಲ್ಲಿ ಇಳಿದಳು. ಇನ್ನೂ ಸ್ವಲ್ಪ ಇಳಿಯುತ್ತಿದ್ದಳೇನೋ, ಅಷ್ಟರಲ್ಲಿ ನನ್ನ ಬಾಯಲ್ಲಿ ನೀರು ಬಂದು ಸೋತೆ. ಕಾಗದದ ಲೋಟ, ಮರದ ಚಮಚ. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಯಾರೋ ಜೋಳಕ್ಕೆ ಸಕ್ಕರೆ ಪಾಕ ಕುಡಿಸಿ ಮಲಗಿಸಿದ್ದಾರೆ!

"ಇದೇನವಾ, ಜ್ವಾಳನೋ ಬಾಲೂಷಾನೋ?"

"ಸ್ವೀಟ್ ಕಾರ್ನ್ ಅಂತಾರ್ರಿ ಅಕ್ಕಾರ. ಸಿಹಿನ ಇರತೈತಿ."

"ಅರಳು ಹುರದ್ರ ಅರಳತಾವೇನು?"

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದಕ್ಕ ಬ್ಯಾರೆ ಪಾಕೀಟ ಬರತಾವ್ರಿ," ಅಂದಳು, ಪಾಪದವರಿಗೆ ಬಸ್ಸಿನ ಬೋರ್ಡು ಓದಿ ಹೇಳುವ ದನಿಯಲ್ಲಿ.

ಪಾಕೀಟು ಇರಬಹುದು. ಆದರೆ ಅರಳದ ಜೋಳ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಈ ಮೂರು ತಾಲೂಕಿನಲ್ಲಿ ಯಾರಿಗೂ ಗೊತ್ತಿರಲಾರದು. ಬಸ್ಸು ಹೇಗೂ ತಡ. ಕುಂದ್ರಿ, ಹೇಳುತ್ತೇನೆ.

ಈಗ ನನಗೆ ರಾಣೆಬೆನ್ನೂರಿನಲ್ಲಿ ಕಡಕ್ ರೊಟ್ಟಿ, ಚಟ್ನಿಪುಡಿಯ ಸ್ವಂತ ಅಂಗಡಿ ಇದೆ. ಆಗ ಏನೂ ಇರಲಿಲ್ಲ, ಬಾಯಿ ಒಂದು ಬಿಟ್ಟರೆ. ನನ್ನ ಅವ್ವ ಹಾವೇರಿ ಸಂತೆಯಲ್ಲಿ ಗೋಣಿಚೀಲ ಹಾಸಿ ಜೀರಿಗೆ, ಸಾಸಿವೆ ಮಾರುವವಳು. ಆ ಚೀಲದ ಅಂಚಿನಲ್ಲೇ ನಾನು ಬೆಳೆದದ್ದು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯ ಒಂದು ಊರಿಗೆ ಮದುವೆ ಮಾಡಿ ಕೊಟ್ಟರು. ಊರು ಎಂಥದೆಂದರೆ ಬಸ್ಸಿನ ಡ್ರೈವರು ಒಳ್ಳೆಯ ಮನಸ್ಸಿನಲ್ಲಿದ್ದರೆ ಮಾತ್ರ ನಿಲ್ಲಿಸುತ್ತಿದ್ದ. ಗಂಡ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮನೆಗೆ ಬಂದರೆ ಮೊದಲು ಅವರ ಘಾಟು ಒಳಗೆ ಬರುತ್ತಿತ್ತು, ಆಮೇಲೆ ಅವರು. ನಮ್ಮ ಸಂಸಾರದ ಆರಂಭದ ಕಣ್ಣೀರೆಲ್ಲ ಮೆಣಸಿನಕಾಯಿಯದೇ. ನೋಡಿದವರು ಅತ್ತೆಯ ಕಾಟ ಅಂದುಕೊಳ್ಳುತ್ತಿದ್ದರು.

ಅತ್ತೆಯ ವಿಷಯಕ್ಕೆ ಬಂದೆ. ಅವಳು ತುಂಗಭದ್ರೆಯ ದಂಡೆಯ ಐರಣಿಯಿಂದ ಬಂದವಳು, ಹೀಗಾಗಿ ಊರಿಗೆಲ್ಲ ಐರಣಿಯವ್ವ. ಮದುವೆಯಾಗಿ ಬರುವಾಗ ತವರಿನಿಂದ ಎರಡು ವಸ್ತು ತಂದಿದ್ದಳಂತೆ: ಸೆರಗಿನ ತುದಿಗೆ ಗಂಟು ಹಾಕಿದ ಗೋವಿನಜೋಳದ, ಅಂದರೆ ಮೆಕ್ಕೆಜೋಳದ ಬೀಜ, ಮತ್ತು ಒಂದು ಗಡಿಗೆ ಹೊಳೆಯ ಉಸುಕು. ಬಂಗಾರ ಎಷ್ಟು ತಂದಿದ್ದಳು ಎಂದು ಕೇಳಿದರೆ, "ಅದೆಲ್ಲಾ ನಿಮ್ಮ ಮಾವ ತಿಂದು ನೀರು ಕುಡದ," ಅನ್ನುತ್ತಿದ್ದಳು. ಮಾವನ ಫೋಟೋ ಗೋಡೆಯ ಮೇಲಿಂದ ಕೇಳಿಸಿಕೊಳ್ಳುತ್ತಿತ್ತು.

ಆ ಗೋವಿನಜೋಳ ನೋಡಲು ಏನೇನೂ ಅಲ್ಲ. ತೆನೆ ಗೇಣಿನಷ್ಟೂ ಇಲ್ಲ, ಕಾಳು ಇಲಿಯ ಹಲ್ಲಿನ ಹಾಗೆ ಬಿಳಿ, ಮೊನಚು. ರೊಟ್ಟಿಗೆ ಹಿಟ್ಟು ಮಾಡಿದರೆ ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ನುಚ್ಚು ಮಾಡಿ ಮಜ್ಜಿಗೆಯಲ್ಲಿ ಉಂಡರೆ ಪರವಾಗಿಲ್ಲ. ಆದರೆ ಅದರ ಜನ್ಮ ಇರುವುದೇ ಅರಳಿಗೆ. ಪಂಚಮಿಗೆ ಎಲ್ಲರ ಮನೆಯಲ್ಲಿ ಬಿಳಿಜೋಳದ ಅರಳು, ನಮ್ಮ ಮನೆಯಲ್ಲಿ ಗೋವಿನಜೋಳದ್ದು. ಕಬ್ಬಿಣದ ಬಾಣಲೆಯಲ್ಲಿ ಐರಣಿಯ ಉಸುಕು ಕಾಯಿಸಿ ಒಂದು ಹಿಡಿ ಕಾಳು ಹಾಕಿ ಅರಿವೆಯ ಗಂಟಿನಿಂದ ಆಡಿಸಿದರೆ, ಇಷ್ಟಿಷ್ಟು ಕಾಳು ಇಷ್ಟಿಷ್ಟು ದೊಡ್ಡದಾಗಿ ಮಲ್ಲಿಗೆ ರಾಶಿ ಬಿದ್ದಂತೆ ಬೀಳುತ್ತಿತ್ತು. ಅದನ್ನು ಬೀಸಿ, ಬೆಲ್ಲ ತುಪ್ಪ ಹಾಕಿ ಅಳ್ಳಿಟ್ಟು ಮಾಡಿದರೆ ನಾಗಪ್ಪ ಹುತ್ತ ಬಿಟ್ಟು ಎದ್ದು ಬಂದು ಸಾಲಿನಲ್ಲಿ ನಿಲ್ಲಬೇಕು. ಗಿರಿಜಾ ಗಂಡನ ಮನೆ ಹಾವೇರಿಯಿಂದ ಪಂಚಮಿಗೆ ಬರುತ್ತಿದ್ದದ್ದು ಅಣ್ಣನ ಮೇಲಿನ ಪ್ರೀತಿಗೆ ಎಂದು ನನ್ನ ಗಂಡ ನಂಬಿದ್ದರು. ಗಂಡಸರನ್ನು ಅವರ ನಂಬಿಕೆಗೆ ಬಿಟ್ಟುಬಿಡಬೇಕು, ಮನೆ ಶಾಂತವಾಗಿರುತ್ತದೆ.

ಬೀಜದ ವಿಷಯದಲ್ಲಿ ಮಾತ್ರ ಅತ್ತೆಗೆ ಒಂದು ಹಟ. ಆರಿಸಿದ ತೆನೆಗಳ ಸಿಪ್ಪೆ ಹಿಂದಕ್ಕೆ ಸುಲಿದು, ಜಡೆಯ ಹಾಗೆ ಹೆಣೆದು, ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದಳು. ವರ್ಷವಿಡೀ ಹೊಗೆ ಕುಡಿದ ಬೀಜಕ್ಕೆ ನುಸಿ ಹತ್ತುವುದಿಲ್ಲ. ಇನ್ನೊಂದು ಮಾತು ಹೇಳುತ್ತಿದ್ದಳು: "ನಮ್ಮ ಜ್ವಾಳಕ್ಕ ಬ್ಯಾರೆ ಜ್ವಾಳದ ಮುಖ ತೋರಸಬಾರದು."

ಯಾಕೆ ಎಂದರೆ, "ನಮ್ಮವ್ವ ತೋರಸ್ತಿದ್ದಿಲ್ಲ." ಮುಗಿಯಿತು.

ಇಷ್ಟರಲ್ಲಿ ನಮ್ಮ ಹಿತ್ತಲಿನ ಗೋಡೆಯಾಚೆ ಇದ್ದ ಕನ್ನಡ ಸಾಲಿಗೆ ಹೊಸ ಹೆಡ್ ಮಾಸ್ತರು ಬಂದರು. ಒಳ್ಳೆಯ ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರಿಗೆ ಸಾಲಿಗೊಂದು ತೋಟ ಮಾಡುವ ಹುಚ್ಚು. ಸಾಲಿಯ ಅಂಗಳ ಬರೀ ಕಲ್ಲು, ನೀರೂ ಇಲ್ಲ. ನಮ್ಮ ಹಿತ್ತಲಿನಲ್ಲಿ ಬಾವಿಯಿತ್ತು, ಅತ್ತೆಯ ಗೋವಿನಜೋಳದ ಪಕ್ಕ ಒಂದು ಪಟ್ಟಿ ಖಾಲಿ ಬಿದ್ದಿತ್ತು. ಮಾಸ್ತರು ಬಂದು ಕೇಳಿದರು. ಗಂಡ ಮನೆಯಲ್ಲಿಲ್ಲ, ಅತ್ತೆ ಎಮ್ಮೆಯ ಹತ್ತಿರ. ವ್ಯವಹಾರ ನನ್ನ ಕೈಗೆ ಬಂತು.

"ಜಾಗಾ ಕೊಡೋಣ್ರಿ ಮಾಸ್ತರ," ಅಂದೆ. "ಆದ್ರ ನಿಮ್ಮ ಹುಡುಗೂರು ನೀರು ಹಾಕೂದು ಹ್ಯಾಂಗೂ ಹಾಕತಾವು. ಕೊಡ ಎತ್ತಿದ ಕೈ ಹಂಗ ನಮ್ಮ ಜ್ವಾಳಕ್ಕೂ ಎರಡು ಕೊಡ ಹಾಕಲಿ. ಕಳೆ ಕಿತ್ತಿದ ಕೈ ಹಂಗ ಈಚಿಗೂ ಬರಲಿ."

"ಆಗಲಿ ತಂಗಿ."

"ತೆನಿ ಮುರದ ಮ್ಯಾಲ ದಂಟು?"

"ದಂಟು ನಮಗ್ಯಾಕ?"

"ಹಂಗಾರ ನಮ್ಮ ಎಮ್ಮಿಗೆ ಇರಲಿ."

ಮಾಸ್ತರು ಗಿರಾಕಿಯೇ ಅಲ್ಲ, ಅಂಥವರ ಹತ್ತಿರ ಚೌಕಾಶಿ ಮಾಡಿದರೆ ನಾಲಿಗೆಗೆ ತೃಪ್ತಿ ಇರುವುದಿಲ್ಲ. ಆದರೂ ಲಾಭ ಲಾಭವೇ. ಅವರು ಪೇಟೆಯಿಂದ ಹೈಬ್ರಿಡ್ ಗೋವಿನಜೋಳದ ಬೀಜ ತಂದರು, ಔಷಧ ಹಚ್ಚಿ ಗುಲಾಬಿ ಮಾಡಿದ್ದು. ಅತ್ತೆ ಬೊಗಸೆಗೆ ಹಾಕಿಕೊಂಡು ನೋಡಿ, "ಇವೇನು ಸಿನಿಮಾಕ್ಕ ಹೊಂಟಾವೇನು, ಬಣ್ಣ ಬಳಕೊಂಡು?" ಅಂದಳು. ಆಮೇಲೆ ತನ್ನ ಹಳೆಯ ಮಾತು ತೆಗೆದಳು. "ಮುಖ ತೋರಸಬಾರದು, ಮಾಸ್ತರ. ಅತ್ತಾಗ ಎಲ್ಲೆರ ಹಾಕ್ರಿ."

ಮಾಸ್ತರು ನಕ್ಕರು. "ಜ್ವಾಳಕ್ಕ ಕಣ್ಣು ಇರತಾವೇನವ್ವಾ? ಇವೆಲ್ಲಾ ಮೂಢನಂಬಿಕೆ."

ನಾನೂ ನಕ್ಕೆ. ಕಲಿತವರು ನಗುವಾಗ ಜೊತೆಗೆ ನಕ್ಕರೆ ನಾವೂ ಕಲಿತವರಂತೆ ಕಾಣುತ್ತೇವೆ. "ಅತ್ತೀ, ಹುಡುಗೂರು ಪುಕ್ಕಟ ನೀರು ಹಾಕತಾವ್ರಿ. ದಂಟು ಬ್ಯಾರೆ," ಅಂದೆ. ಅತ್ತೆ ಎಮ್ಮೆಯ ಮುಖ ನೋಡಿದಳು. ಎಮ್ಮೆ ನನ್ನ ಕಡೆ ಇತ್ತು.

ಆ ವರ್ಷ ಮಳೆಯೂ ಚಲೋ ಆಯಿತು. ಸಾಲಿಯ ಜೋಳ ಆಳೆತ್ತರ ಬೆಳೆದು ತಲೆಯಲ್ಲಿ ಗಂಡುಹೂವಿನ ಸೂಲಂಗಿ ಬಿಚ್ಚಿ ಗಾಳಿಗೆ ತೂಗುತ್ತಿದ್ದರೆ, ನಮ್ಮದು ಅದರ ಬಗಲಲ್ಲಿ ಗಿಡ್ಡಗೆ ನಿಂತು ತೆನೆಯ ಕೂದಲು ಹೊರಗೆ ಹಾಕಿ ಮೇಲೆ ನೋಡುತ್ತಿತ್ತು. ಹುಡುಗರು ನೀರು ಹಾಕಿದರು, ಕಳೆ ಕಿತ್ತರು, ನಾನು ಬಾವಿಕಟ್ಟೆಯ ಮೇಲೆ ಕುಳಿತು ಮೇಲ್ವಿಚಾರಣೆ ಮಾಡಿದೆ. ಇಷ್ಟು ಸುಖದ ಬೆಳೆ ನಾನು ಮತ್ತೆ ತೆಗೆದಿಲ್ಲ.

ಕೊಯ್ಲಿನ ಹೊತ್ತಿಗೆ ಐರಣಿಯಿಂದ ಕರೆ ಬಂತು. ಅತ್ತೆಯ ತಮ್ಮನ ಮಗಳ ಬಾಣಂತನ, ಬೇರೆ ದಿಕ್ಕಿಲ್ಲ. ಗಂಟು ಕಟ್ಟಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ಬೀಜ ಆರಸೂದು ನಿನಗ ಬಿಟ್ಟೇನಿ," ಅಂದಳು. ಕೀಲಿಕೈ ಗೊಂಚಲು ಕೊಟ್ಟಿದ್ದರೂ ನನಗೆ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಗಿರಿಜಾಳ ಕೈಗೂ ಅವಳು ಬೀಜ ಕೊಟ್ಟವಳಲ್ಲ.

ತೆನೆ ಸುಲಿದೆ. ಅತ್ತೆಯ ಬಿಳಿ ಕಾಳಿನ ನಡುವೆ ಅಲ್ಲಲ್ಲಿ ಹಳದಿ ಕಾಳು! ಕೆಲವು ತೆನೆಯಲ್ಲಿ ನಾಲ್ಕು, ಕೆಲವು ತೆನೆಯಲ್ಲಿ ಅರ್ಧಕ್ಕರ್ಧ. ಮುತ್ತಿನ ಸರದಲ್ಲಿ ಬಂಗಾರದ ಗುಂಡು ಪೋಣಿಸಿದ ಹಾಗೆ. ಕಾಳು ಕೂಡ ದುಂಡಗೆ ತುಂಬಿಕೊಂಡಿದ್ದವು. ಸಂತೆಯಲ್ಲಿ ಬೆಳೆದ ಕಣ್ಣು ಏನು ಮಾಡುತ್ತದೆ ಹೇಳಿ? ದಪ್ಪಗಿದ್ದ, ಹೊಳೆಯುವ, ಬಂಗಾರ ಹೆಚ್ಚಿದ್ದ ತೆನೆಗಳನ್ನೆಲ್ಲ ಬೀಜಕ್ಕೆ ಆರಿಸಿ ಜಡೆ ಹೆಣೆದು ಒಲೆಯ ಮೇಲೆ ಕಟ್ಟಿದೆ. ಅದಕ್ಕಿಂತ ತುಸು ಕಡಿಮೆ ಚಂದದವನ್ನು ಬಿಡಿಸಿ, ಪಂಚಮಿಯ ಅರಳಿಗೆಂದು ಬೇವಿನೆಲೆ ಹಾಕಿ ಗಡಿಗೆಗೆ ತುಂಬಿ ಬಾಯಿ ಮೆತ್ತಿದೆ. ಉಳಿದವು, ಅಂದರೆ ಸಣ್ಣವು, ಬರೀ ಬಿಳಿಯವು, ಅತ್ತೆಯ ತವರಿನ ಮೂಗು ಕಣ್ಣು ಹೊತ್ತವು, ಅವನ್ನು ಚುರಮುರಿ ಭಟ್ಟಿಯವನಿಗೆ ಕೊಟ್ಟು ಎರಡು ಚೀಲ ಚುರಮುರಿ, ಅದೇ ಮಂಡಕ್ಕಿ, ತಂದೆ. ಅವನು ಒಂದೂವರೆ ಅಂದಿದ್ದ. ನಾನು ಎರಡು ಮಾಡಿಸಿದೆ.

ಬೇವಿನ ಗಿಡದ ಕೆಳಗೆ ಕುಳಿತು ತೆನೆ ಆರಿಸುವಾಗ ಮಾಸ್ತರು ಗೋಡೆಯಾಚೆಯಿಂದ ನೋಡಿ, "ಭಾಳ ಚಂದ ಬಂದಾವಲ್ಲ ತಂಗಿ!" ಅಂದಿದ್ದರು. "ಚಂದಂವನ್ನ ಬೀಜಕ್ಕ ಇಡಾಕತ್ತೇನ್ರಿ," ಅಂದಿದ್ದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಅತ್ತೆ ಬಾಣಂತನ ಮುಗಿಸಿ ಬರುವ ಹೊತ್ತಿಗೆ ಹೊಗೆ ತನ್ನ ಕೆಲಸ ಮಾಡಿತ್ತು. ಜಂತಿಯ ತೆನೆಗಳೆಲ್ಲ ಮಸಿ ಹಿಡಿದು ಒಂದೇ ಬಣ್ಣ. ತಲೆ ಎತ್ತಿ ನೋಡಿ, "ಚಲೋ ಹೆಣದೀದಿ," ಅಂದಳು. ಮುಂಗಾರಿಗೆ ಬೀಜ ಬಿಡಿಸಿ ಬೂದಿ ಕಲಸಿ ಬಿತ್ತಿದವಳೂ ನಾನೇ. ಅವಳು ಬದುವಿನ ಮೇಲೆ ಕುಳಿತು ಸಾಲು ಸೊಟ್ಟ ಎಂದು ಬೈದಳು ಅಷ್ಟೆ.

ಪಂಚಮಿ ಬಂತು. ಗಿರಿಜಾ ತನ್ನ ಮೂರು ಮಕ್ಕಳೊಂದಿಗೆ ಬಂದಳು. ಅಕ್ಕಪಕ್ಕದ ನಾಲ್ಕು ಹೆಂಗಸರು ಮೊರ ಹಿಡಿದು ಬಂದರು. ಉಸುಕು ಕಾಯಿತು. ಹೊಗೆ ತುಂಬಿದ ಕತ್ತಲ ಅಡುಗೆಮನೆಯಲ್ಲಿ ಅತ್ತೆ ಗಡಿಗೆಯಿಂದ ಒಂದು ಹಿಡಿ ತೆಗೆದು, ಒಲೆಯ ಕಡೆಯೇ ಲಕ್ಷ್ಯವಿಟ್ಟು ಬಾಣಲೆಗೆ ಹಾಕಿ ಆಡಿಸಿದಳು. ಅಲ್ಲೊಂದು ಚಟ್, ಇಲ್ಲೊಂದು ಚಟ್. ಉಳಿದವು ಉಸುಕಿನಲ್ಲಿ ಸುಮ್ಮನೆ ಕುಳಿತವು, ಗ್ರಾಮಸಭೆಯಲ್ಲಿ ಮೆಂಬರುಗಳು ಕುಳಿತ ಹಾಗೆ.

"ಉರಿ ಸಾಲದು," ಅಂದಳು ಅತ್ತೆ. ಉರಿ ಹೆಚ್ಚಿಸಿದೆವು. ಕಾಳು ಕಪ್ಪಾದವು, ಅರಳಲಿಲ್ಲ.

"ಉಸುಕು ಹಳೇದಾತು." ಇನ್ನೊಂದು ಗಡಿಗೆಯ ಉಸುಕು ಬಂತು. ಅದೇ ಕಥೆ.

"ಯಾರರ ಕಣ್ಣು ಹತ್ಯಾವು," ಅಂದಳು ಮೊರ ಹಿಡಿದ ಒಬ್ಬಳು.

"ನಿನ್ನವ ಇರಬೇಕು. ಬಂದಾಗಿಂದ ಗಡಿಗಿನ್ನ ನೋಡಾಕತ್ತೀದಿ," ಅಂದಳು ಗಿರಿಜಾ. ಅವರಿಬ್ಬರ ಜಗಳ ಬಿಡಿಸುವ ಹೊತ್ತಿಗೆ ಅರ್ಧ ಗಡಿಗೆ ಖಾಲಿಯಾಗಿತ್ತು. ಹಟಕ್ಕೆ ಬಿದ್ದ ಅತ್ತೆ ಹಾಕುತ್ತಲೇ ಹೋದಳು. ಗಿರಿಜಾಳ ಮಕ್ಕಳು ಅಲ್ಲೊಂದು ಇಲ್ಲೊಂದು ಅರಳಿದ್ದನ್ನು ಉಸುಕಿನಿಂದ ಆರಿಸಿ ಆರಿಸಿ ತಿಂದರು. ಗಡಿಗೆ ತಳ ಕಂಡಿತು.

ಆಗ ಬಂದರು ಹೆಡ್ ಮಾಸ್ತರು, ಹಬ್ಬದ ಅರಳಿಗೆ ಕರೆದಿದ್ದೆವಲ್ಲ. ಬಾಣಲೆಗೆ ಬಗ್ಗಿ ಅರಳದ ಕಾಳೊಂದನ್ನು ಉಜ್ಜಿ ನೋಡಿದರು. ಅವರ ಮುಖ ಇಳಿಯಿತು.

"ಇದು ಹಳದಿ ಐತಲ್ಲವ್ವಾ. ನಿಂದು ಬಿಳೇದು."

ಅತ್ತೆ ಆಗಲೇ ಸರಿಯಾಗಿ ನೋಡಿದ್ದು. ಕೈಯಲ್ಲಿಟ್ಟುಕೊಂಡು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಮಾಸ್ತರು ಪಾಠ ಹೇಳುವ ದನಿಯಲ್ಲಿ ಶುರು ಮಾಡಿದರು. ಸೂಲಂಗಿಯ ಪುಡಿ ಗಾಳಿಯಲ್ಲಿ ಹಾರುತ್ತದೆ, ಪಕ್ಕದ ತೆನೆಯ ಕೂದಲ ಮೇಲೆ ಬೀಳುತ್ತದೆ, ಒಂದೊಂದು ಕೂದಲಿಗೂ ಒಂದೊಂದು ಕಾಳು... ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಇದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು, ಏಳನೆಯ ಇಯತ್ತೆಯ ಮಕ್ಕಳಿಗೆ ವರ್ಷವೂ ಹೇಳುತ್ತಿದ್ದರು. ಪುಸ್ತಕದಲ್ಲಿದ್ದದ್ದು ಹಿತ್ತಲಿನಲ್ಲೂ ಇರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ.

ಅತ್ತೆ ಪೂರ್ತಿ ಕೇಳಿ, ಎಲ್ಲರೆದುರು ಅಂದಳು: "ಅಂದ್ರ ನಿಮ್ಮ ಸಾಲಿ ಗಂಡಸು ಬದು ಹಾರಿ ಬಂದು ನನ್ನ ಹೆಣಮಕ್ಕಳನ್ನ ಬಸರ ಮಾಡಿ ಹೋಗ್ಯಾವು ಅನ್ರಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮಾಸ್ತರ ಎರಡೂ ಪೆನ್ನು ನಡುಗಿದವು.

"ಮುಖ ತೋರಸಬ್ಯಾಡ್ರಿ ಅಂತ ಹೇಳಿದ್ನಲ್ಲೋ ಮಾಸ್ತರ! ಕಣ್ಣಿಲ್ಲ ಅಂದ್ಯಲ್ಲ, ಉಳದದ್ದೆಲ್ಲಾ ಐತಲ್ಲ ಅದಕ್ಕ!"

ಗಿರಿಜಾ ಮಾತ್ರ ನಗಲಿಲ್ಲ. ಅವಳು ಚುರುಕು. "ಅವ್ವಾ, ಬೆರಕಿ ಆಗಿದ್ದು ಸರಿ. ಆದ್ರ ತೆನಿ ಮ್ಯಾಲ ಹಳದಿ ಕಾಣ್ತಿತ್ತಲ್ಲ? ಬಿಳೇವು ಆರಿಸಿ ಇಟ್ಟಿದ್ರ ಮುಗೀತಿತ್ತು. ಬೀಜ ಆರಿಸಿದ್ದು ಯಾರು?"

ನನ್ನ ಬಾಯಿ, ಸಂತೆಯಲ್ಲಿ ಬೆಳೆದ ಬಾಯಿ, ಭಟ್ಟಿಯವನ ಒಂದೂವರೆಯನ್ನು ಎರಡು ಮಾಡಿಸಿದ ಬಾಯಿ, ಅರಳದ ಕಾಳಿನ ಹಾಗೆ ಮುಚ್ಚಿಕೊಂಡಿತು. ಮಾಸ್ತರು ನನ್ನ ಕಡೆ ನೋಡಿದರು, ತಕ್ಷಣ ನೆಲ ನೋಡಿದರು.

"ನಾನ," ಅಂದಳು ಅತ್ತೆ. "ನಾನ ಆರಿಸೇನಿ. ಕಣ್ಣಿಗೆ ಪೊರಿ ಬಂದೈತಿ ನನಗ. ಹೇಳಿದ್ದಿಲ್ಲ ಯಾರಿಗೂ."

ಐರಣಿಗೆ ಹೋಗಿದ್ದಾಗ ಬೀಜ ಹೇಗೆ ಆರಿಸಿದೆ ಎಂದು ಗಿರಿಜಾ ಕೇಳಲಿಲ್ಲ. ಅವ್ವನ ಕಣ್ಣು ಹೋಯಿತೆಂದು ಅಳಲು ಶುರುಮಾಡಿದ್ದಳು.

ಅವರೆಲ್ಲ ಹುತ್ತಕ್ಕೆ ಹಾಲೆರೆಯಲು ಹೋದ ಮೇಲೆ ಅತ್ತೆ ಉಸುಕು ಜರಡಿ ಹಿಡಿಯುತ್ತ ನನ್ನನ್ನು ಕರೆದಳು. ಬೈಯುತ್ತಾಳೆಂದು ನಿಂತೆ. ಬೈಯಲಿಲ್ಲ. "ಸಣ್ಣವು ಏನು ಮಾಡಿದಿ?" ಅಂದಳು.

"ಚುರಮುರಿ."

ಜರಡಿ ನಿಂತಿತು. ಅವಳ ಮುಖದಲ್ಲಿ ನಾನು ಅವತ್ತು ಕಂಡದ್ದನ್ನು ಹೇಗೆ ಹೇಳಲಿ? ತವರಿನ ದಾರಿಯಲ್ಲಿ ಬಸ್ಸು ಬಿಟ್ಟುಹೋದ ಹೆಂಗಸಿನ ಮುಖ. "ಐರಣಿಯಾಗ ಈಗ ಎಲ್ಲಾರೂ ಭತ್ತ ಹಚ್ಯಾರ. ಅಲ್ಲೂ ಇಲ್ಲ," ಅಂದಳು. ಜರಡಿ ಮತ್ತೆ ಆಡಿಸುತ್ತ, "ನೀನ ಕಳದೀದಿ, ನೀನ ಹುಡಿಕ್ಕೊಂಡು ಬಾ."

ನಾನು ಬ್ಯಾಡಗಿ ಸಂತೆ ಕೇಳಿದೆ, ಹಾವೇರಿಯಲ್ಲಿ ಅವ್ವನ ಚೀಲದ ಅಕ್ಕಪಕ್ಕದವರನ್ನೆಲ್ಲ ಕೇಳಿದೆ. ಎಲ್ಲರ ಹತ್ತಿರವೂ ದಪ್ಪ ಹಳದಿ ಜೋಳ. ಭಟ್ಟಿಯವನ ಹತ್ತಿರ ಹೋದರೆ, "ಯವ್ವಾ, ಅದು ಯಾರ್‍ಯಾರ ಹೊಟ್ಟ್ಯಾಗ ಹೋಗೇತೋ," ಅಂದ. ಮೊದಲ ಬಾರಿಗೆ ನನಗೆ ಒಂದು ವಸ್ತು ಯಾವ ಬೆಲೆಗೂ ಸಿಗಲಿಲ್ಲ. ಚೌಕಾಶಿ ಮಾಡುವವಳಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ: ಎದುರಿಗೆ ಮಾರುವವನೇ ಇಲ್ಲ!

ಬರುವಾಗ ಸಾಲಿಯ ಕಿಟಕಿಯೊಳಗೆ ಕಣ್ಣು ಹೋಯಿತು. ಗಾಜಿನ ಕಪಾಟು. ಒಳಗೆ ಹಲಗೆ, ಹಲಗೆಯ ಮೇಲೆ 'ನಮ್ಮ ಧಾನ್ಯಗಳು'. ಬಿಳಿಜೋಳದ ತೆನೆ, ನವಣೆಯ ತೆನೆ, ಸಜ್ಜೆ. ಕೊನೆಯಲ್ಲಿ, ತಂತಿಯಿಂದ ಕಟ್ಟಿದ ಎರಡು ಗಿಡ್ಡ ಬಿಳಿ ತೆನೆ! ಹಿಂದಿನ ಮಾಸ್ತರು ಇದ್ದಾಗ ಅತ್ತೆಯೇ ಕೊಟ್ಟದ್ದು, ಹೈಬ್ರಿಡ್ ಊರಿಗೆ ಬರುವ ಮೊದಲು.

ಒಳಗೆ ಹೋಗಿ, ಕಪಾಟಿನ ಕಡೆ ನೋಡದೆ, ಕುಳಿತೆ. "ಏನ್ರಿ ಮಾಸ್ತರ, ಆ ಹಲಗಿ ಭಾಳ ಹಳೇದಾಗೇತಲ್ಲ. ಆ ತೆನಿ ಬಾಡಿ ಹೋಗ್ಯಾವು. ಇನ್ಸ್‌ಪೆಕ್ಟರ್ ಬಂದ್ರ ಏನಂದಾರು? ನಮ್ಮನ್ಯಾಗ ದಪ್ಪನ್ನು ಎರಡು ಅದಾವು, ಬಂಗಾರದಂಗ. ಬದಲಿ ಮಾಡಿ ಕೊಡತೇನಿ, ಪುಕ್ಕಟ."

ಮಾಸ್ತರು ಚಾಳೀಸು, ಅಂದರೆ ಕನ್ನಡಕ, ತೆಗೆದು ನಕ್ಕರು. ಗಿರಾಕಿಯೇ ಅಲ್ಲ ಅಂದಿದ್ದೆನಲ್ಲ, ತಪ್ಪು.

"ತಂಗಿ, ಊರಾಗ ನನಗ ಜ್ವಾಳ ಕೆಡಿಸಿದ ಮಾಸ್ತರ ಅಂತ ಹೆಸರಿಟ್ಟಾರ. ಹುಡುಗೂರು ಸೈತ ನಗತಾವು. ತಪ್ಪು ನಂದೂ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಬೇವಿನ ಗಿಡದ ಬುಡಕ ಕುಂತು ಆರಿಸಿದಾಕಿ ಯಾರು ಅಂತ ನನಗ ಗೊತ್ತೈತಿ. ಐರಣಿಯವ್ವ ಅವತ್ತು ಊರಾಗ ಇದ್ದಿಲ್ಲ."

"ಎಷ್ಟು ಹೇಳತೀರಿ?"

"ರೊಕ್ಕ ಬ್ಯಾಡ. ಏಳನೇ ಇಯತ್ತೆಗೆ ಬಂದು, ಬೀಜ ಹೆಂಗ ಆರಸಬೇಕು, ಹೆಂಗ ಆರಿಸಿದ್ರ ಕೆಡತೈತಿ ಅಂತ ನಿನ್ನ ಬಾಯಿಲೆ ಹೇಳು. ಕಪಾಟು ತಗೀತೇನಿ."

ಚೌಕಾಶಿ ಮಾಡಿದೆ. ಊರ ಮುಂದೆ ಬೇಡ, ಹುಡುಗರ ಮುಂದೆ ಮಾತ್ರ. 'ನಾನು' ಎಂದು ಹೇಳುವುದಿಲ್ಲ, 'ಒಬ್ಬಾಕಿ' ಎಂದು ಹೇಳುತ್ತೇನೆ. ಮಾಸ್ತರು ಒಪ್ಪಿದರು. ಮರುದಿನ ಸಾಲಿಗೆ ಹೋಗಿ, ಸೆರಗು ಹೊದ್ದು, ಒಂದು ಊರಿನಲ್ಲಿ ಒಬ್ಬಾಕಿ ಇದ್ದಳು, ಅವಳಿಗೆ ದಪ್ಪಗಿದ್ದದ್ದೆಲ್ಲ ಚಲೋ ಅನ್ನಿಸುತ್ತಿತ್ತು, ಹೊಳೆಯುವುದನ್ನೆಲ್ಲ ಇಟ್ಟುಕೊಂಡು ಅಸಲಿಯನ್ನು ಚುರಮುರಿಗೆ ಕೊಟ್ಟಳು ಎಂದು ಹೇಳಿ ಮುಗಿಸಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಆ ಚುರಮುರಿ ನಮ್ಮ ಮನಿಗೂ ಒಂದು ಬುಟ್ಟಿ ಕೊಟ್ಟಿದ್ರಲ್ರಿ ಅಕ್ಕಾರ?"

ಇಡೀ ಇಯತ್ತೆ ನಕ್ಕಿತು. ಮಾಸ್ತರು ಗೋಡೆಯ ಕಡೆ ತಿರುಗಿ ನಕ್ಕರು. ಆದರೆ ಮಕ್ಕಳು ಮಾತು ಮನೆಗೆ ಒಯ್ಯಲಿಲ್ಲ, ಅಥವಾ ಒಯ್ದರೂ ದೊಡ್ಡವರು ನಂಬಲಿಲ್ಲ. ಐರಣಿಯವ್ವ ಸುಳ್ಳು ಹೇಳುವವಳಲ್ಲ ಎಂದು ಊರಿಗೆ ಅಷ್ಟು ಖಾತ್ರಿ.

ಕಪಾಟಿನ ಡಾಂಬರುಗುಳಿಗೆ ಆ ತೆನೆಗಳನ್ನು ಕಾಪಾಡಿತ್ತು. ಅತ್ತೆ ಮೂಸಿ ನೋಡಿ, "ಟ್ರಂಕಿನ ವಾಸನಿ ಬರತೈತಿ," ಅಂದವಳು ಸೆರಗಿಗೆ ಬಿಡಿಸಿಕೊಂಡು ಗಂಟು ಹಾಕಿದಳು. ಹುಡುಗಿಯಾಗಿ ಐರಣಿಯಿಂದ ಬಂದಾಗ ಹಾಕಿದ್ದ ಅದೇ ಗಂಟು ಇರಬೇಕು. ಪಂಚಮಿ ಕಳೆದು ಎರಡು ವಾರಕ್ಕೆ ಬಿತ್ತಿದೆವು, ಮನೆಯ ಇನ್ನೊಂದು ಮಗ್ಗುಲಿಗೆ. ಸಾಲಿಯ ಜೋಳ, ಮುಂಗಾರಿಗೆ ನಾನು ಬಿತ್ತಿದ ಬೆರಕೆ ಜೋಳ ಎರಡೂ ಸೂಲಂಗಿ ಬಿಚ್ಚಿ ಪುಡಿ ಉದುರಿಸಿ ಮುಗಿಸಿದ ಮೇಲೆ ನಮ್ಮದು ಹೂ ಬಿಡುವ ಹಾಗೆ. ನಿಮ್ಮ ಹತ್ತಿರ ಹಳೆಯ ತಳಿ ಇದ್ದರೆ ಇದನ್ನೇ ಮಾಡಿ: ಪಕ್ಕದವನ ಬೆಳೆಯನ್ನು ತಡೆಯಲು ಆಗುವುದಿಲ್ಲ, ನಿಮ್ಮ ಬಿತ್ತನೆಯ ದಿನ ನಿಮ್ಮ ಕೈಯಲ್ಲಿದೆ. ಮಳೆ ಹಿಂದಾಗಿತ್ತು. ಈ ಸಲ ಪುಕ್ಕಟೆ ಹುಡುಗರಿಲ್ಲ. ಬಾವಿಯಿಂದ ಕೊಡ ಹೊತ್ತವಳು ನಾನು, ಬಾವಿಕಟ್ಟೆಯ ಮೇಲೆ ಕುಳಿತವಳು ಅತ್ತೆ. ಹುಟ್ಟಿದ್ದು ಕೆಲವೇ ಗಿಡ. ಒಂದೊಂದಕ್ಕೂ ಬೇಕಾದರೆ ಹೆಸರಿಡಬಹುದಿತ್ತು.

ತೆನೆ ಬಂದಾಗ ಅತ್ತೆ ನನ್ನನ್ನೇ ಕೂರಿಸಿ ಆರಿಸಲು ಹಚ್ಚಿದಳು. ಕಪಾಟಿನ ಆ ತೆನೆಗಳ ಪೈಕಿ ಒಂದರಲ್ಲಿ ಎರಡು ಸಾಲು ಕಾಳು ಬಿಡಿಸದೆ ಉಳಿಸಿದ್ದಳು. "ಇದನ್ನ ಬಾಜೂಕ ಇಟಗೊಂಡು ನೋಡು. ಇದರಂಗ ಇದ್ರ ಇಡು. ಇದಕಿಂತಾ ಚಂದ ಕಂಡ್ರ ಎಮ್ಮಿಗೆ ಹಾಕು," ಅಂದಳು.

ಮುಂದಿನ ಪಂಚಮಿಗೆ ಬಾಣಲೆ ತುಂಬಿ ನೆಲದ ಮೇಲೆಲ್ಲ ಅರಳು.

ಆದರೆ ಪೊರೆಯ ಕಥೆ ಮುಗಿದಿರಲಿಲ್ಲ. ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಎಮ್ಮೆ ಸಾಕಿದ ಹಾಗೆ. ಗಿರಿಜಾ ಹಾವೇರಿಯ ಪುಕ್ಕಟೆ ಕಣ್ಣಿನ ಶಿಬಿರಕ್ಕೆ ಅವ್ವನನ್ನು ಎಳೆದೊಯ್ದಳು. ಅವಳು ಹೊರಗೆ ಚಪ್ಪಲಿ ಕಾಯುತ್ತ ನಿಂತಳು, ನಾನು ಒಳಗೆ ಹೋದೆ. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದರೆ ಅತ್ತೆ, "ಮೂರೋ ಐದೋ, ದೇವರಿಗೆ ಗೊತ್ತು," ಅಂದಳು. ಅಷ್ಟರಲ್ಲಿ ಪಕ್ಕದ ಅಜ್ಜಿಯ ಮೂಗುತಿಯ ತಿರುಪು ಕಳಚಿ ಬಿತ್ತು. ಎಲ್ಲರೂ ತಡಕಾಡುವಾಗ ಅತ್ತೆ ಕುಳಿತಲ್ಲಿಂದಲೇ, "ಅಲ್ಲೈತಲ್ಲ, ಮೇಜಿನ ಕಾಲ ಹತ್ರ," ಅಂದುಬಿಟ್ಟಳು.

ಡಾಕ್ಟರು ದೀಪ ಆರಿಸಿದರು. "ಅಜ್ಜೀ, ನಿಮ್ಮ ಕಣ್ಣು ನನ್ನಕಿಂತಾ ಚಲೋ ಅದಾವು."

"ಇರಲಿ ಬಿಡ್ರಿ ಸಾಹೇಬ್ರ. ಒಂದು ಚಾಳೀಸು ಬರಕೊಡ್ರಿ, ಹೊರಗ ಮಗಳು ನಿಂತಾಳ."

ಹೀಗೆ ಅತ್ತೆಗೆ ನಂಬರಿಲ್ಲದ, ಬರೀ ಗಾಜಿನ ಚಾಳೀಸು ಬಂತು. ಸಾಯುವವರೆಗೆ ಹಾಕಿಕೊಂಡಳು. ಬೆವರಿಗೆ ಜಾರುತ್ತಿತ್ತು, ಒಲೆಯ ಮುಂದೆ ಹೊಗೆ ಹಿಡಿಯುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ತೆಗೆದಿಡುತ್ತಿದ್ದಳು, ಗಿರಿಜಾ ಬಂದ ಸುದ್ದಿ ತಿಳಿದರೆ ಹಾಕಿಕೊ‍ಳ್ಳುತ್ತಿದ್ದಳು. ನಾನು ಒಮ್ಮೆಯೂ "ಹೇಳಿಬಿಡತೇನ್ರಿ ಅತ್ತೀ" ಅನ್ನಲಿಲ್ಲ. ಅವಳು ಹೋಗಿಯೂ ಬಹಳ ವರ್ಷವಾಯಿತು. ಈಗ ನನ್ನ ಗ್ಯಾಸಿನ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಬೀಜದ ತೆನೆ ಬೂದಿಯ ಡಬ್ಬಿಯಲ್ಲಿರುತ್ತದೆ. ಪ್ರತಿ ವರ್ಷ ಊರ ಹಿತ್ತಲಿನಲ್ಲಿ ಬಿತ್ತುತ್ತೇನೆ, ಮಾದರಿಗೆ ಹಿಂದಿನ ವರ್ಷದ್ದೊಂದು ತೆನೆ ಉಳಿಸುತ್ತೇನೆ. ಅದರ ಪಕ್ಕ ಆ ಚಾಳೀಸು. ಗಿರಿಜಾ ವರ್ಷವೂ ಕೇಳುತ್ತಾಳೆ, ಒಂದು ಹಿಡಿ ಬೀಜ ಕೊಡು, ಹಾವೇರಿಯ ಮನೆಯ ಹಿಂದೆ ಹಾಕುತ್ತೇನೆ ಎಂದು. ನಾನು ಅರಳು ಕೊಡುತ್ತೇನೆ, ಬೀಜ ಕೊಡುವುದಿಲ್ಲ. ಕೊಟ್ಟರೆ ಪಂಚಮಿಗೆ ಯಾಕೆ ಬರುತ್ತಾಳೆ? ಇದು ನನ್ನ ಲೆಕ್ಕಾಚಾರ.

ಬಸ್ಸು ಬಂತು. ಗಿರಿಜಾ ಇಳಿದಳು, ಮೊಣಕಾಲು ಹಿಡಿದುಕೊಂಡು. ಕಾಗದದ ಲೋಟ ನೋಡಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಮುಖ ಸೊಟ್ಟ ಮಾಡಿದಳು.

"ಥೂ, ಬೆಲ್ಲದ ಪೆಂಟಿ ಇದ್ದಂಗೈತಿ. ನಮ್ಮವ್ವನ ಜ್ವಾಳ ಎಲ್ಲಿ, ಇದೆಲ್ಲಿ? ಪಾಪ, ಕಣ್ಣು ಹೋಗಿ ಒಂದು ವರ್ಷ ಅದನ್ನೂ ಕೆಡಿಸಿದ್ಲಲ್ಲ ವೈನೀ."

ವರ್ಷವೂ ಅನ್ನುವ ಮಾತೇ. ವರ್ಷವೂ ನಾನು "ಹೌದು, ಪಾಪ" ಅನ್ನುತ್ತಿದ್ದೆ. ಈ ಸಲ ಬಾಯಲ್ಲಿ ಆ ಸಿಹಿ ಜೋಳವಿತ್ತು, ನುಂಗಲಾಗಲಿಲ್ಲ.

"ಆಕಿ ಅಲ್ಲ ಗಿರಿಜಾ. ಬೀಜ ಆರಿಸಿದ್ದು ನಾನು. ಅತ್ತಿ ಐರಣಿಯಾಗ ಬಾಣಂತನ ಮಾಡಾಕತ್ತಿದ್ಲು. ಆಕಿ ಕಣ್ಣಿಗೆ ಏನೂ ಆಗಿದ್ದಿಲ್ಲ. ಆ ಚಾಳೀಸಿಗೆ ನಂಬರ ಇಲ್ಲ."

ಗಿರಿಜಾ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಳು. ಲೋಟ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರ ಆ ಚಾಳೀಸಿನ ಅಂಗಡಿಯವನ ಜೋಡಿ ನಾ ಜಗಳಾಡಿದ್ದು? ಅವ್ವಗ ಇದರಾಗ ಕಾಣವಲ್ದು, ನಂಬರ ತಪ್ಪು ಹಾಕೀದಿ ಅಂತ ಮೂರು ಸಲ ಹೋಗಿ ಅವನ ಮಾನಾ ತಗದೇನಿ! ಕಡೀಕ ಅವ ನನ್ನ ಕಂಡ್ರ ಶಟರ್ ಇಳಸ್ತಿದ್ದ!"

ಅವಳು ನಗಲು ಶುರುಮಾಡಿದವಳು ಅಳುತ್ತಿದ್ದಾಳೋ ಎಂದು ಗಾಡಿಯ ಹುಡುಗಿ ಬಗ್ಗಿ ನೋಡಿದಳು. ಎರಡೂ ಇತ್ತು.

ಮನೆಗೆ ಬಂದವಳು ಕೈಕಾಲು ಸಹ ತೊಳೆಯದೆ ಅಡುಗೆಮನೆಗೆ ನಡೆದಳು. ನಾನು ಬೂದಿಯ ಡಬ್ಬಿ ಇಳಿಸಿ, ಬೀಜದ ತೆನೆಗಳನ್ನೆಲ್ಲ ಮೊರಕ್ಕೆ ಸುರಿದು ಅವಳ ಮುಂದೆ ಇಟ್ಟೆ. ಇದಕ್ಕೆ ಬದಲು ಏನು ಎಂದು ನಾನು ಕೇಳಲಿಲ್ಲ. ಕೇಳುತ್ತೇನೆಂದು ಅವಳು ಕಾದಳು, ಪಾಪ.

"ಯಾವ್ದು ತಗೊಳ್ಳಿ?" ಅಂದಳು ಕೊನೆಗೆ.

"ಆ ಹಳೇ ತೆನಿ ಬಾಜೂಕ ಇಟಗೊಂಡು ನೋಡು. ಅದಕಿಂತಾ ಚಂದ ಕಂಡದ್ದು ಬ್ಯಾಡ."

ಗಿರಿಜಾ ಅವ್ವನ ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮೂಗಿಗೇರಿಸಿದಳು. ಒಂದು ತೆನೆ ಎತ್ತಿ ಬೆಳಕಿಗೆ ಹಿಡಿದಳು. ನಾನು ಅವಳನ್ನೇ ನೋಡುತ್ತ ನಿಂತೆ. ಚಾಳೀಸು ಜಾರಿ ಮೂಗಿನ ತುದಿಗೆ ಬಂತು, ಥೇಟು ಅತ್ತೆಗೆ ಜಾರುತ್ತಿದ್ದ ಹಾಗೆ. ಅವಳು ಅದನ್ನು ಮೇಲಕ್ಕೆ ಸರಿಸದೆ, ಗಾಜಿನ ಮೇಲಿಂದ, ಬರಿಗಣ್ಣಿನಿಂದ ಆರಿಸತೊಡಗಿದಳು.